ಸೋರದ ಮುಖ

ಮಕ್ಕಳು ಅವಳನ್ನು ಪೆಟ್ಟಿಗೆ ಆಂಟಿ ಎಂದು ಕರೆಯುತ್ತಿದ್ದರು. ಯಾವ ಶಾಲೆಗೆ ಹೋದರೂ ಕೈಯಲ್ಲಿ ಒಂದು ನೀಲಿ ಪೆಟ್ಟಿಗೆ ಇರುತ್ತಿತ್ತು, ಪೆಟ್ಟಿಗೆಯ ತುಂಬ ಚಿತ್ರದ ಕಾರ್ಡುಗಳು. ಒಂದನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಪುಟ್ಟ ಮೇಜಿನ ಆಚೆ ಕೂರಿಸಿ, ಕಾರ್ಡು ತೋರಿಸಿ ಪ್ರಶ್ನೆ ಕೇಳುವುದು ಅವಳ ಕೆಲಸ. ಯಾವ ಬುಟ್ಟಿಯಲ್ಲಿ ಮೊಟ್ಟೆ ಹೆಚ್ಚಿವೆ? ಏಣಿಯ ಮೇಲೆ ಎಲ್ಲರಿಗಿಂತ ಎತ್ತರದಲ್ಲಿರುವುದು ಯಾರು? ಮಗು ಬೆರಳಿಟ್ಟು ತೋರಿಸಬೇಕು, ಅಷ್ಟೇ.

ಇದೇ ಪೆಟ್ಟಿಗೆ ಹಿಡಿದುಕೊಂಡು ಬೇರೆ ಬೇರೆ ದೇಶಗಳಲ್ಲೂ ಅವಳಂಥವರು ಕೂತಿದ್ದರು. ಒಂದು ದೇಶದಲ್ಲಿ ನಾಲ್ಕು ತುಂಬುವಷ್ಟರಲ್ಲಿ ಅಕ್ಷರ ಕಲಿಸಿ, ಬೆನ್ನಿಗೆ ಹೋಂವರ್ಕ್ ಹೇರಿ ಮನೆಗೆ ಕಳಿಸುತ್ತಾರೆ. ಇನ್ನೊಂದು ದೇಶದಲ್ಲಿ ಏಳು ವರ್ಷದವರೆಗೆ ಮಕ್ಕಳನ್ನು ಮಣ್ಣಲ್ಲಿ ಆಡಲು ಬಿಟ್ಟು, ಪರೀಕ್ಷೆ ಎಂಬ ಶಬ್ದವನ್ನೇ ಎತ್ತುವುದಿಲ್ಲ. ಅವಳ ದೇಶ ಎರಡರ ನಡುವೆ ಅತ್ತ ಒಂದು ಕಾಲು ಇತ್ತ ಒಂದು ಕಾಲು ಇಟ್ಟುಕೊಂಡು ನಿಂತಿತ್ತು. ಇದರಲ್ಲಿ ಯಾರ ದಾರಿ ಸರಿ ಎಂದು ತಿಳಿಯುವುದಕ್ಕೆ ದೊಡ್ಡವರು ಸೇರಿ ಹೂಡಿದ್ದ ಕೆಲಸ ಅದು.

ಹೋಲಿಸಬೇಕೆಂದರೆ ಎಲ್ಲ ಕಡೆ ಎಲ್ಲವೂ ಒಂದೇ ಥರ ಇರಬೇಕಲ್ಲ. ಆದ್ದರಿಂದ ಕಾರ್ಡು ಒಂದೇ, ಪ್ರಶ್ನೆ ಒಂದೇ, ಕೇಳುವವರ ಮುಖವೂ ಒಂದೇ. ಮಗು ಸರಿ ತೋರಿಸಲಿ, ತಪ್ಪು ತೋರಿಸಲಿ, ಆಡಬೇಕಾದ ಮಾತು ಒಂದೇ: "ಆಯಿತು. ಈಗ ಮುಂದಿನ ಚಿತ್ರ ನೋಡೋಣ." ಹುಬ್ಬು ಏರುವಂತಿಲ್ಲ, ತುಟಿ ಅಲುಗುವಂತಿಲ್ಲ, ಭೇಷ್ ಎನ್ನುವಂತಿಲ್ಲ. ಹಾಗೇನಾದರೂ ಆದರೆ ಅದಕ್ಕೆ ಆಫೀಸಿನಲ್ಲಿ 'ಮುಖ ಸೋರಿತು' ಎನ್ನುತ್ತಿದ್ದರು. ಮುಖ ಸೋರಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಕಸದ ಬುಟ್ಟಿಗೆ.

ಒಂದೇ ಒಂದು ಜಾಗದಲ್ಲಿ ಮಾತ್ರ ರಿಯಾಯಿತಿ ಇತ್ತು. ಮಗು ಒಂದರ ಹಿಂದೊಂದು ಮೂರು ತಪ್ಪು ಮಾಡಿದರೆ ಪೆಟ್ಟಿಗೆ ಮುಚ್ಚಬೇಕು. ಸೋತೆ ಎಂಬ ಬೇಸರ ಇಟ್ಟುಕೊಂಡು ಮಗು ಎದ್ದು ಹೋಗಬಾರದೆಂದು ಆಗ ನಗಬಹುದು, ತಲೆ ನೇವರಿಸಬಹುದು, ಮತ್ತು ಹೀಗೆ ಹೇಳಬೇಕು: "ಸಾಕು ಮರಿ, ತುಂಬಾ ಚೆನ್ನಾಗಿ ಮಾಡಿದೆ. ನಿನ್ನ ಜೊತೆ ಕೂತಿದ್ದು ನನಗೆ ಖುಷಿಯಾಯ್ತು." ಸರಿಯಾಗಿ ಹೇಳುತ್ತ ಹೋದ ಮಗುವಿಗೆ ಕಾರ್ಡಿನ ಮೇಲೆ ಕಾರ್ಡು ಬರುತ್ತಲೇ ಇರುತ್ತದೆ. ದೊಡ್ಡ ಮಕ್ಕಳಿಗೂ ಸಾಕಾಗುವಷ್ಟು ಕಾರ್ಡು ಪೆಟ್ಟಿಗೆಯಲ್ಲಿದ್ದವು, ಎಲ್ಲವನ್ನೂ ಮುಗಿಸಿದ ಆರು ವರ್ಷದ ಮಗುವನ್ನು ಅವಳು ಕಂಡಿರಲಿಲ್ಲ.

ತರಬೇತಿಯಲ್ಲಿ ಅವಳೇ ಎಲ್ಲರಿಗಿಂತ ದಡ್ಡಿ. ಹುಟ್ಟಿದಾಗಿನಿಂದ ಒಳಗಿನದೆಲ್ಲ ಮುಖದ ಮೇಲೆ ಬರೆದುಕೊಂಡು ಓಡಾಡಿದವಳು. ಮಗು ಸರಿ ತೋರಿಸಿದರೆ ಇವಳ ಕಣ್ಣು ಅರಳುತ್ತಿತ್ತು, ತಪ್ಪಿದರೆ 'ಅಯ್ಯೋ' ಎನ್ನುವುದು ಗಂಟಲವರೆಗೆ ಬಂದಿರುತ್ತಿತ್ತು. ಮೇಲ್ವಿಚಾರಕಿ ವಿಡಿಯೋ ನಿಲ್ಲಿಸಿ, "ಇಲ್ಲಿ ಸೋರಿದೆ, ಇಲ್ಲಿ ಮತ್ತೆ ಸೋರಿದೆ, ಇಲ್ಲಂತೂ ನಲ್ಲಿನೇ ಬಿಟ್ಟ ಹಾಗಿದೆ" ಎನ್ನುತ್ತಿದ್ದಳು. ಆಕೆಗೆ ಎಲ್ಲರೂ ತಕ್ಕಡಿ ಮೇಡಂ ಎನ್ನುತ್ತಿದ್ದರು, ಒಂದು ಗುಲಗಂಜಿಯಷ್ಟು ಹೆಚ್ಚುಕಡಿಮೆಯನ್ನೂ ಬಿಡುವವಳಲ್ಲ.

ಹಾಗಾಗಿ ಅಭ್ಯಾಸಕ್ಕೆಂದು ಹಳೆಯ ಕಾರ್ಡುಗಳ ಒಂದು ಪೆಟ್ಟಿಗೆ ಮನೆಗೆ ಬಂತು. ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳು ಮುಖ ಬಿಗಿಹಿಡಿಯಲು ಹೆಣಗುತ್ತಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನು ಗ್ರೀಸ್ ಹತ್ತಿದ ಅಂಗಿಯಲ್ಲೇ ಮಗಳ ಬೆನ್ನ ಹಿಂದೆ ನಿಂತು, ಇಂಗು ತಿಂದ ಮಂಗನ ಹಾಗೆ ಮುಖ ಮಾಡುತ್ತಿದ್ದ. ಅವಳು ಫಕ್ಕನೆ ನಕ್ಕುಬಿಡುತ್ತಿದ್ದಳು. "ಅಮ್ಮ ಔಟು!" ಎಂದು ಮಗಳು ಕೂಗುತ್ತಿದ್ದಳು. ಮಾತುಮಾತಿಗೂ ಅಡ್ಡ ಪ್ರಶ್ನೆ ಹಾಕುವ ಆ ಹುಡುಗಿಗೆ ಅಪ್ಪ ಇಟ್ಟ ಹೆಸರು ವಕೀಲಮ್ಮ. "ಎತ್ತರದಲ್ಲಿರೋದು ಇವನು. ಆದರೆ ಏಣಿ ಹಿಡ್ಕೊಂಡೋರು ಯಾರು? ಯಾರೂ ಹಿಡ್ಕೊಂಡಿಲ್ವಲ್ಲ, ಬಿದ್ದುಹೋಗ್ತಾನೆ!" ಎಂದು ಅವಳು ಕಾರ್ಡಿನ ಮೇಲೇ ಮೊಕದ್ದಮೆ ಹೂಡುತ್ತಿದ್ದಳು.

ಆಮೇಲೆ ಒಂದು ದಿನ ಆ ಗಂಡ, ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತವನು ಏಳಲಿಲ್ಲ. ಹೃದಯ ನಿಂತುಹೋಯಿತು ಎಂದರು. ಡಬ್ಬಿಯ ಮುಚ್ಚಳ ಅವನ ಕೈಯಲ್ಲೇ ಇತ್ತಂತೆ.

ಅವಳು ಅಳಲಿಲ್ಲ. ನೆಂಟರು ಬಂದರು, ತಬ್ಬಿಕೊಂಡರು, "ಅತ್ತುಬಿಡು, ಹಗುರಾಗುತ್ತೆ" ಎಂದರು. ಅಳಲು ಅವಳಿಗೇನೂ ಅಡ್ಡಿಯಿರಲಿಲ್ಲ, ಅಳು ಬರಲಿಲ್ಲ, ಅಷ್ಟೇ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಇತ್ತು, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಬೇರೇನೂ ಇಲ್ಲ. ರಜೆ ಮುಗಿಯಿತು, ಕೆಲಸಕ್ಕೆ ಹೋದಳು. ಮೇಜಿನ ಎದುರು ಕೂತಳು. "ಆಯಿತು. ಈಗ ಮುಂದಿನ ಚಿತ್ರ ನೋಡೋಣ." ಮುಖ ಎಲ್ಲೂ ಸೋರಲಿಲ್ಲ.

ತಕ್ಕಡಿ ಮೇಡಂ ಆ ದಿನದ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. "ಏನು ಮಾಡಿದ್ರಿ? ಹೇಗೆ ಕಲಿತ್ರಿ?" ಎಂದು ಕೇಳಿಯೂಬಿಟ್ಟಳು. ಕೇಳಿದ ಮೇಲೆ ಸಾವಿನ ಮನೆಯ ನೆನಪಾಗಿ ನಾಲಗೆ ಕಚ್ಚಿಕೊಂಡಳು. ಪೆಟ್ಟಿಗೆ ಆಂಟಿಗೆ ಬೇಸರವಾಗಲಿಲ್ಲ. ಏನೂ ಅನ್ನಿಸಲಿಲ್ಲ.

ಸಂಜೆಯ ಅಭ್ಯಾಸದ ಅಗತ್ಯ ಈಗ ಇರಲಿಲ್ಲ. ಆದರೂ ಮಗಳು ಶಾಲೆಯಿಂದ ಬಂದು, ಹಾಲು ಕುಡಿದು, ಅಭ್ಯಾಸದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು. ಬೇಡ ಎನ್ನುವುದಕ್ಕೂ ಅವಳಿಗೆ ತ್ರಾಣವಿರಲಿಲ್ಲ. ಮಗಳ ಜೊತೆ ಕೂತು ಆಡಲು ಬೇರೆ ಮಾತೂ ಇರಲಿಲ್ಲ. ಪೆಟ್ಟಿಗೆಯ ಮಾತಾದರೆ ಮೊದಲೇ ಯಾರೋ ಬರೆದಿಟ್ಟದ್ದು, ಹುಡುಕಬೇಕಾಗಿಲ್ಲ. ಹಾಗಾಗಿ ದಿನಾ ಕೂತರು.

ಮೊದಮೊದಲು ಮಗಳು ಹಿಂದಿನ ಹಾಗೆ ಸರಿಯಾಗಿಯೇ ತೋರಿಸಿದಳು. ಬರುಬರುತ್ತಾ ತಪ್ಪತೊಡಗಿದಳು. ಮೊಟ್ಟೆ ಕಡಿಮೆಯಿದ್ದ ಬುಟ್ಟಿಗೆ ಬೆರಳಿಟ್ಟಳು. ಏಣಿಯ ಕೆಳಗೆ ನಿಂತವನನ್ನು ಎತ್ತರದಲ್ಲಿದ್ದಾನೆ ಎಂದಳು. ನಾಲ್ಕು ಮುಖಗಳ ಕಾರ್ಡೊಂದಿತ್ತು, "ಇವರಲ್ಲಿ ಅಳುತ್ತಿರುವವರು ಯಾರು?" ಎಂದು ಕೇಳಬೇಕು. ಮಗಳು ನಗುತ್ತಿರುವ ಮುಖವನ್ನು ತೋರಿಸಿದಳು. ಮೂರು ತಪ್ಪು. ನಿಯಮದ ಪ್ರಕಾರ ಅವಳು ಪೆಟ್ಟಿಗೆ ಮುಚ್ಚಿದಳು, ತಲೆ ನೇವರಿಸಿದಳು, "ಸಾಕು ಮರಿ, ತುಂಬಾ ಚೆನ್ನಾಗಿ ಮಾಡಿದೆ" ಎಂದಳು. ಶಾಲೆಶಾಲೆಗಳಲ್ಲಿ ಹೇಳಿ ಹೇಳಿ ಆ ವಾಕ್ಯಕ್ಕೆ ನಗು ಅಂಟಿಕೊಂಡೇ ಬರುತ್ತಿತ್ತು. ಬಾಯಿಗೆ ದಾರಿ ಗೊತ್ತಿತ್ತು, ಅವಳು ಅದಕ್ಕೆ ಏನೂ ಮಾಡಬೇಕಾಗಿರಲಿಲ್ಲ.

ದುಃಖಕ್ಕೆ ಮಗುವಿನ ಬುದ್ಧಿ ಮಂಕಾಗಿದೆ ಎಂದುಕೊಂಡಳು. ಆ ಯೋಚನೆ ಬಂತು, ಹಾದುಹೋಯಿತು. ಹೆತ್ತ ತಾಯಿಗೆ ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಅನ್ನಲಿಲ್ಲ ಎಂಬುದು ಮಾತ್ರ ಅವಳಿಗೆ ಗೊತ್ತಾಯಿತು.

ಗೊತ್ತಾಗಿ ಬಾಯಿಬಿಟ್ಟು ಹೇಳುವವರು ಮನೆಯಲ್ಲಿ ಒಬ್ಬರೇ, ಅತ್ತೆ. ಮಗನನ್ನು ಕಳೆದುಕೊಂಡ ಮುದುಕಿ ದಿನಕ್ಕೆರಡು ಸಲ ಜೋರಾಗಿ ಅತ್ತು, ಮುಖ ತೊಳೆದುಕೊಂಡು, ಮತ್ತೆ ಎಲ್ಲರ ಮೇಲೂ ರೇಗಾಡಲು ತಯಾರಾಗುತ್ತಿದ್ದರು. "ನಿನ್ನ ಮಗಳು ಮೂರೇ ಮೂರು ಲೆಕ್ಕ ಮಾಡಿ ಹೋಂವರ್ಕ್ ಮುಗೀತು ಅಂತಾಳೆ. ಮೂರೂ ತಪ್ಪು. ನಾಲ್ಕನೇದು ಎಲ್ಲಿ ಅಂದ್ರೆ ಇಷ್ಟಕ್ಕೇ ನಿಲ್ಲಿಸಬೇಕು ಅಂತಾಳೆ. ಯಾರು ಹೇಳಿದ್ರೇ ಅಂದ್ರೆ ನನ್ನ ಮುಖ ನೋಡ್ಕೊಂಡು ಹಲ್ಲು ಕಿರೀತಾಳೆ."

"ಆಯಿತು ಅತ್ತೆ," ಎಂದಳು ಅವಳು.

"ಏನು ಆಯಿತು? ಹರಳೆಣ್ಣೆ ಕುಡಿದೋರ ಥರ ಮುಖ ಇಟ್ಕೊಂಡು ಆಯಿತು ಆಯಿತು ಅಂದ್ರೆ ಏನಾಯ್ತು? ನಾನು ಏಳು ತುಂಬಿದ ಮೇಲೇನೇ ಶಾಲೆಗೆ ಹೋಗಿದ್ದು. ಅಲ್ಲೀವರೆಗೂ ಮಣ್ಣಲ್ಲೇ ಆಡಿದ್ದು. ಯಾವ ದೇಶದೋರೂ ಬಂದು ಬರ್ಕೊಂಡು ಹೋಗ್ಲಿಲ್ಲ. ಈಗ ಅದಕ್ಕೆ ಪೆಟ್ಟಿಗೆ ಬೇರೆ!"

ಮಗಳ ಕ್ಲಾಸ್ ಟೀಚರ್ ಕರೆಸಿದ್ದು ಅದೇ ವಾರ. ಟೀಚರ್ ಕೆಟ್ಟವಳಲ್ಲ, ಸುಸ್ತಾದವಳು. ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಮಡಚಿಕೊಂಡು ಕೂತ ಅವಳಿಗೆ ಟೀಚರ್ ನಿಂತುಕೊಂಡೇ ಹೇಳಿದಳು. "ಬೇಜಾರು ಮಾಡ್ಕೋಬೇಡಿ. ಮಗು ಮೂರು ತಪ್ಪು ಬರೆದು ಪೆನ್ಸಿಲ್ ಕೆಳಗಿಟ್ಟು, ನನ್ನ ಮುಖಾನೇ ನೋಡ್ತಾ ಕೂತುಬಿಡ್ತಾಳೆ. ಏನೋ ಕೊಡ್ತೀನಿ ಅನ್ನೋ ಹಾಗೆ. ಬೈದರೆ ಅಳ್ತಾಳೆ. ಅಪ್ಪ ಹೋದ ಮೇಲೆ ಹೀಗಾಗಿದೆ, ನನಗೂ ಅರ್ಥ ಆಗುತ್ತೆ. ಆದರೆ ಮಿಕ್ಕೋರೆಲ್ಲ ಮುಂದೆ ಹೋಗ್ತಿದ್ದಾರೆ. ಅವಳನ್ನ ಕೆಳಗಿನ ತರಗತಿಗೆ, ಪುಟ್ಟ ಮಕ್ಕಳ ಜೊತೆ ಕೂರಿಸೋಣ ಅಂತ ಇದ್ದೀವಿ. ಸೋಮವಾರ ಕೊನೇ ಟೆಸ್ಟ್ ಇದೆ, ಅದೊಂದು ನೋಡ್ತೀವಿ."

ಅವಳು ತಲೆಯಾಡಿಸಿದಳು. ಕಿಟಕಿಯ ಆಚೆ ಮಕ್ಕಳು ಸಾಲಾಗಿ ನಿಂತು ನೀರು ಕುಡಿಯುತ್ತಿದ್ದರು. ಸಾಲಿನ ತುದಿಯಲ್ಲಿ ವಕೀಲಮ್ಮ ಒಬ್ಬಳೇ ನಿಂತಿದ್ದಳು. ಯಾರ ಜೊತೆಯೂ ವಾದ ಮಾಡುತ್ತಿರಲಿಲ್ಲ.

ಗುರುವಾರ ಎಲ್ಲ ದೇಶದವರೂ ಪರದೆಯ ಮೇಲೆ ಸೇರುವ ದಿನ. ಮಣ್ಣಲ್ಲಿ ಆಡಿಸುವ ದೇಶದವಳು ತನ್ನ ಕಷ್ಟ ತೋಡಿಕೊಂಡಳು. ಅಲ್ಲಿನ ಮಕ್ಕಳು ಉತ್ತರ ಗೊತ್ತಿಲ್ಲದಿದ್ದರೆ ಖುಷಿಯಿಂದ ಗೊತ್ತಿಲ್ಲ ಎಂದು ಮೇಜಿನ ಕೆಳಗೆ ನುಗ್ಗುತ್ತಾರಂತೆ, ಹಿಡಿದು ತರುವಷ್ಟರಲ್ಲಿ ಸಾಕುಸಾಕಾಗುತ್ತದಂತೆ. ಹೋಂವರ್ಕ್ ಹೇರುವ ದೇಶದವನು, ತಮ್ಮ ಮಕ್ಕಳು ಕಾರ್ಡು ತೋರಿಸುವ ಮೊದಲೇ ಇದಕ್ಕೆ ಮಾರ್ಕ್ಸ್ ಇದೆಯಾ ಎಂದು ಕೇಳುತ್ತಾರೆ ಎಂದ. ಎಲ್ಲರೂ ನಕ್ಕರು. ತಕ್ಕಡಿ ಮೇಡಂ ತಾನು ಗಮನಿಸಿದ ಒಂದು ಸಂಗತಿ ಹೇಳಿದಳು. ಮಣ್ಣಲ್ಲಿ ಆಡುವ ಮಕ್ಕಳು ಬೆರಳಿಡುವ ಮೊದಲು ಕಾರ್ಡು ನೋಡುತ್ತಾರೆ. ಬೇಗ ಶಾಲೆಗೆ ಹೋದ ಮಕ್ಕಳು ಕೇಳುವವರ ಮುಖ ನೋಡುತ್ತಾರೆ. "ಉತ್ತರ ಕಾರ್ಡಿನಲ್ಲಿರೋದಲ್ಲ, ದೊಡ್ಡೋರ ಮುಖದಲ್ಲಿರೋದು ಅಂತ ಅಷ್ಟು ಹೊತ್ತಿಗೆ ಕಲ್ತಿರ್ತಾವೆ, ಪಾಪ," ಎಂದಳು.

ಅದೇ ಉಸಿರಿನಲ್ಲಿ ಇನ್ನೊಂದು ಸುದ್ದಿಯೂ ಬಂತು. ಪೆಟ್ಟಿಗೆ ಆಂಟಿಯ ವಿಡಿಯೋವನ್ನು ಇನ್ನು ಮುಂದೆ ಎಲ್ಲ ದೇಶಗಳ ತರಬೇತಿಯಲ್ಲೂ ಮಾದರಿಯಾಗಿ ತೋರಿಸುತ್ತಾರಂತೆ. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಜನ ಚಪ್ಪಾಳೆ ತಟ್ಟಿದರು. ಅವಳು ಕೈಮುಗಿಯಬೇಕೆ, ನಗಬೇಕೆ ಎಂದು ಯೋಚಿಸಿ ಎರಡನ್ನೂ ಮಾಡಲಿಲ್ಲ. ಅದಕ್ಕೂ ಮತ್ತೊಂದಿಷ್ಟು ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಅವಳು ತಕ್ಕಡಿ ಮೇಡಂ ಹತ್ತಿರ ಹೋಗಿ, ಮಗಳನ್ನು ಕೆಳಗಿನ ತರಗತಿಗೆ ಹಾಕುವ ವಿಷಯ ತಿಳಿಸಿದಳು. ಬೇರೆಯವರ ಮನೆಯ ಸುದ್ದಿ ಹೇಳುವ ಹಾಗಿತ್ತು ಅವಳ ದನಿ. ಮೇಡಂ, "ನಾಳೆ ಕರ್ಕೊಂಡ್ಬನ್ನಿ. ನಾನೇ ಕೂರ್ತೀನಿ. ನಮ್ಮ ಲೆಕ್ಕಕ್ಕಲ್ಲ, ಸುಮ್ನೆ ನೋಡೋಣ," ಎಂದಳು.

ಶುಕ್ರವಾರ ಮಧ್ಯಾಹ್ನ ಮಗಳನ್ನು ಒಳಗೆ ಬಿಟ್ಟು ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಪರೀಕ್ಷೆ ಬೇಗ ಮುಗಿಯಿತು. ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಬೆಂಚಿನ ಮೇಲೆ ಕೂರಿಸಿ, ಮೇಡಂ ಅವಳನ್ನು ಒಳಗೆ ಕರೆದು ವಿಡಿಯೋ ಹಾಕಿದಳು.

"ಕೈ ನೋಡ್ಬೇಡಿ, ಕಣ್ಣು ನೋಡಿ," ಎಂದಳು ಮೇಡಂ.

ಪರದೆಯ ಮೇಲೆ ಮಗಳ ಕಣ್ಣು ಹೆಚ್ಚು ಮೊಟ್ಟೆಯಿದ್ದ ಬುಟ್ಟಿಯ ಮೇಲೆ ನೆಟ್ಟಗೆ ಹೋಗಿ ನಿಂತಿತು. ಆಮೇಲೆ ಬೆರಳು ಪಕ್ಕದ ಬುಟ್ಟಿಗೆ ಹೋಯಿತು. ಮುಂದಿನ ಕಾರ್ಡಿನಲ್ಲೂ ಹಾಗೆಯೇ, ಕಣ್ಣು ಸರಿ, ಬೆರಳು ತಪ್ಪು.

"ಮಗೂಗೆ ಎಲ್ಲಾ ಗೊತ್ತಿದೆ. ಬೇಕೂಂತ್ಲೇ ತಪ್ಪು ಹೇಳ್ತಿದ್ದಾಳೆ. ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಯಾಕೆ ಅಂತ ನನಗಂತೂ ತಲೆಬುಡ ತಿಳೀತಿಲ್ಲ," ಎಂದಳು ಮೇಡಂ.

ಮೂರನೆಯ ತಪ್ಪಾಯಿತು. ಪರದೆಯ ಮೇಲಿನ ಮಗಳು ಬೆರಳು ಹಿಂದಕ್ಕೆ ತೆಗೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮುಖವೆತ್ತಿ ಕಾದಳು. ಮೇಡಂ ಪೆಟ್ಟಿಗೆ ಮುಚ್ಚಿ ನಕ್ಕಳು. "ಸಾಕು ಮರಿ, ತುಂಬಾ ಚೆನ್ನಾಗಿ ಮಾಡಿದೆ." ಮೇಡಂ ಹೇಳುತ್ತಿದ್ದಂತೆ ಮಗಳ ತುಟಿಗಳೂ ಸದ್ದಿಲ್ಲದೆ ಅದನ್ನೇ ಹೇಳಿಕೊಳ್ಳುತ್ತಿದ್ದವು. "ನಿನ್ನ ಜೊತೆ ಕೂತಿದ್ದು ನನಗೆ ಖುಷಿಯಾಯ್ತು." ನೇವರಿಸಿಕೊಳ್ಳಲು ತಲೆ ತಾನಾಗಿಯೇ ಮುಂದಕ್ಕೆ ಬಾಗಿತು.

ಅವಳಿಗೆ ಅರ್ಥವಾಯಿತು. ಮನೆಯಲ್ಲಿ ತನ್ನ ಮುಖ ಈಗ ತೆರೆಯುವುದು ಒಂದೇ ಒಂದು ಕಡೆ. ಅಲ್ಲಿಗೆ ಹೋಗಲು ಇರುವ ದಾರಿ ಒಂದೇ. ಅಪ್ಪನನ್ನು ಕಳೆದುಕೊಂಡ ಮಗು ಅಮ್ಮನ ನಗುವನ್ನಾದರೂ ನೋಡಲು ದಿನಾ ಮೂರು ತಪ್ಪು ಮಾಡುತ್ತಿದೆ, ಟೀಚರ್ ಎದುರಿಗೂ, ಅಜ್ಜಿಯ ಎದುರಿಗೂ ಅದನ್ನೇ ಮಾಡಿ ನೋಡುತ್ತಿದೆ.

"ಏನಾದ್ರೂ ಹೊಳೀತಾ?" ಎಂದಳು ಮೇಡಂ.

"ಹೂಂ," ಎಂದಳು ಅವಳು. ಆಗಲೂ ಅವಳ ಮುಖ ಸೋರಲಿಲ್ಲ. ಅದೇ ಅವಳಿಗೆ ಮೊದಲ ಬಾರಿ ಭಯ ಹುಟ್ಟಿಸಿತು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮಗಳು ಹಾಲು ಕುಡಿದು, ತುಟಿ ಒರೆಸಿಕೊಂಡು, ಪೆಟ್ಟಿಗೆ ಎತ್ತಿಕೊಂಡು ಬಂದಳು. ಎಂದಿನಂತೆ ಎದುರಿಗೆ ಕೂತು ಕೈಕಟ್ಟಿದಳು. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು, ಮುಚ್ಚಳ ತೆಗೆಯಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ್ದಳು. ನನ್ನ ಮಾತು ಕೇಳು ಎಂದು ಶುರು ಮಾಡಬೇಕು, ತಪ್ಪು ಹೇಳಬೇಕಾಗಿಲ್ಲ ಎಂದು ತಿಳಿಸಬೇಕು, ಅಪ್ಪನ ಬಗ್ಗೆ ಕೂಡ ಒಂದು ಮಾತು. ಈಗ ಒಂದೂ ನಾಲಗೆಗೆ ಬರಲಿಲ್ಲ. ಬರುವ ವಾಕ್ಯ ಒಂದೇ ಇತ್ತು, ಅದನ್ನೇ ಹೇಳಿದಳು.

"ಸಾಕು ಮರಿ, ತುಂಬಾ ಚೆನ್ನಾಗಿ ಮಾಡಿದೆ. ನಿನ್ನ ಜೊತೆ ಕೂತಿದ್ದು ನನಗೆ ಖುಷಿಯಾಯ್ತು."

ಮಗಳು ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಹಳೆಯ ವಕೀಲಮ್ಮ ಕಂಡಳು.

"ನಾನಿನ್ನೂ ತಪ್ಪೇ ಹೇಳಿಲ್ವಲ್ಲಮ್ಮ?"

ಬಟಾಣಿ ಬಿಡಿಸುತ್ತಿದ್ದ ಸದ್ದು ನಿಂತಿತು.

"ಹೇಳ್ಬೇಕಾಗಿಲ್ಲ," ಎಂದಳು ಅವಳು.

"ಮೂರು ಹೇಳ್ಬೇಕು. ಆಮೇಲೇನೇ ನೀನು ನಗೋದು."

"ಅದು ಆಫೀಸಿನ ರೂಲ್ಸು ಕಣೇ."

"ಮನೇಲೂ ಹಾಗೇನೇ ಅಲ್ವಾ?"

ಮಗಳು ಅಮ್ಮನ ಕೈಯನ್ನು ಸರಿಸಿ, ತಾನೇ ಮುಚ್ಚಳ ತೆಗೆದು, ನಾಲ್ಕು ಮುಖಗಳ ಕಾರ್ಡನ್ನು ಆರಿಸಿ ಅಮ್ಮನ ಎದುರಿಗಿಟ್ಟಳು. ಅಮ್ಮನದೇ ಚಪ್ಪಟೆ ದನಿಯಲ್ಲಿ ಕೇಳಿದಳು. "ಇವರಲ್ಲಿ ಅಳುತ್ತಿರುವವರು ಯಾರು?"

ಅವಳು ಕಾರ್ಡಿನ ಮೂಲೆಯಲ್ಲಿದ್ದ ಅಳುವ ಮುಖದ ಮೇಲೆ ಬೆರಳಿಟ್ಟಳು.

"ತಪ್ಪು," ಎಂದಳು ಮಗಳು. ಮೇಜಿನ ಮೇಲಿಂದ ಬಗ್ಗಿ ಬಂದು ಅಮ್ಮನ ಕೆನ್ನೆಯ ಮೇಲೆ ಬೆರಳಿಟ್ಟಳು. ಬೆರಳು ಒದ್ದೆಯಾಯಿತು.

ಅವಳಿಗೆ ಗೊತ್ತೇ ಆಗಿರಲಿಲ್ಲ. ಸದ್ದಿರಲಿಲ್ಲ, ಬಿಕ್ಕಿರಲಿಲ್ಲ, ನೀರು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಗೊತ್ತಾದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಗಲ್ಲ ನಡುಗಿತು, ಬಾಯಿ ಸೊಟ್ಟಗಾಯಿತು, ಎಲ್ಲ ದೇಶಗಳೂ ಚಪ್ಪಾಳೆ ತಟ್ಟಿದ್ದ ಆ ಮುಖ ಅಂದವಿಲ್ಲದೆ, ಅಳತೆಯಿಲ್ಲದೆ ಸೋರಿತು. ಡಬ್ಬಿಯ ಮುಚ್ಚಳ ಹಿಡಿದ ಕೈ ಕಣ್ಣ ಮುಂದೆ ಬಂತು. ಈ ಸಲ ಅದು ನೋಯಿತು.

ಸೋಮವಾರ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವಕೀಲಮ್ಮ ಪರೀಕ್ಷೆಯಲ್ಲಿ ಒಂದೆರಡು ತಪ್ಪು ಮಾಡಿದಳು. ನಿಜವಾಗಿಯೂ ಬಾರದ ಲೆಕ್ಕಗಳು ಅವು. ಅದೇ ಕ್ಲಾಸಿನಲ್ಲಿ ಉಳಿದಳು. ಯಾವ ದೇಶದ ದಾರಿ ಸರಿ ಎಂಬುದನ್ನು ದೊಡ್ಡವರು ಇನ್ನೂ ತೂಗುತ್ತಲೇ ಇದ್ದಾರೆ.

ಶುಕ್ರವಾರದ ಆ ಸಂಜೆ ಮಗಳು ಒಂದೊಂದೇ ಕಾರ್ಡು ತೆಗೆದಿಟ್ಟು, ತಾನೇ ಪ್ರಶ್ನೆ ಕೇಳಿಕೊಂಡು, ತಾನೇ ಸರಿಯಾಗಿ ತೋರಿಸುತ್ತ ಹೋದಳು. ಪ್ರತಿ ಸಲ ತಲೆಯೆತ್ತಿ ಅಮ್ಮನ ಮುಖ ನೋಡುತ್ತಿದ್ದಳು. ಅಲ್ಲಿ ಅಳುವೂ ಇತ್ತು, ನಡುನಡುವೆ ನಗುವಿನ ಹಾಗಿನದು ಏನೋ ಒಂದು ಕೂಡ ಬಂದು ಹೋಗುತ್ತಿತ್ತು. ಅತ್ತೆಗೆ ನೋಡಲಾಗಲಿಲ್ಲ. ಬಟಾಣಿಯ ಬುಟ್ಟಿ ಬದಿಗಿಟ್ಟು ಎದ್ದು ಬಂದು ಟವೆಲ್ ಚಾಚಿದರು.

"ತಗೋ, ಮುಖ ಒರೆಸ್ಕೋ."

ಮಗಳು ಟವೆಲ್ಲನ್ನು ಕೈಯಿಂದ ತಡೆದಳು.

"ಒರೆಸ್ಬೇಡಮ್ಮ," ಎಂದಳು. "ನಾನಿನ್ನೂ ನೋಡ್ತಾ ಇದ್ದೀನಿ."